ಒಂಬತ್ತು ಅಕ್ಷರ

ಕಲ್ಲುಕುಟಿಗ ಟ್ಯೋಲೆ ಅಕ್ಷರಕ್ಕಿಷ್ಟೆಂದು ಲೆಕ್ಕ ಹಾಕುತ್ತಾನೆ.
ಅಪ್ಪನ ಹೆಸರು ಓರ್ಟ್‌ವಿನ್, ಆರು.
ಮನೆತನದ್ದು ಹಾಬೆನಿಷ್ಟ್, ಒಂಬತ್ತು.
“ಏನೂ ಇಲ್ಲ ಅನ್ನೋದಕ್ಕೇ ಒಂಬತ್ತಕ್ಷರ ಖರ್ಚು ನೋಡಿ” ಎಂದು ನಕ್ಕವನು
ನಾನು ಸಾವಿನ ಮನೆಯವಳೆಂದು ನೆನಪಾಗಿ
ಟೋಪಿ ತೆಗೆದ.

ಇಡೀ ಕಣಿವೆಗೆ ಗೊತ್ತಿರುವ ಹಳೇ ಹಾಸ್ಯ ಅದು.
ಹಾಬೆ ಅಂದರೆ ಇದೆ, ನಿಷ್ಟ್ ಅಂದರೆ ಇಲ್ಲ.
ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ
ನಾನ್ನೂರು ವರ್ಷ ಎಳೆದಿದ್ದೇವೆ.
ಶಾಲೆಯಲ್ಲಿ ಮೇಷ್ಟ್ರು ನನ್ನ ಹಾಜರಿ ಕೂಗಿದರೆ
ಹಿಂದಿನ ಬೆಂಚು ಒಕ್ಕೊರಲಲ್ಲಿ: “ಇಲ್ಲಾ!”

ಇರ್ಮ್‌ಟ್ರೌಟ್ ಅತ್ತೆಯ ಪ್ರಕಾರ ಮೂಲಪುರುಷ ವಿರಾಗಿ,
ಇದ್ದುದೆಲ್ಲ ದಾನಮಾಡಿ ಬರಿಗೈಯಲ್ಲಿ ಹಾರ್ಟ್ಸ್ ಬೆಟ್ಟ ಇಳಿದವನು.
ವಿರಾಗಿಗೆ ಮಕ್ಕಳು ಹೇಗಾದರು ಎಂದು
ಯಾರೂ ಕೇಳುವಂತಿರಲಿಲ್ಲ.
ಎಕ್‌ಬರ್ಟ್ ಚಿಕ್ಕಪ್ಪನ ಪ್ರಕಾರ ಜೂಜುಕೋರ,
ಕುದುರೆ ಸೋತು, ಜೀನು ಸೋತು, ಬೂಟು ಸೋತು
ಇದ್ದ ಹೆಸರನ್ನೂ ಪಣಕ್ಕಿಟ್ಟು ಸೋತವನು.

ಅಪ್ಪ ನಂಬುತ್ತಿದ್ದುದು ಕಾಗದವನ್ನು ಮಾತ್ರ.
ನಿವೃತ್ತಿಯ ನಂತರ ಹದಿನೇಳು ಚಳಿಗಾಲ
ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕೋಟು ಬಿಚ್ಚದೆ ಕೂತು
ಜೇಡರ ಕಾಲಿನಂಥ ಅಕ್ಷರ ಬಿಡಿಸಿದ.
ಸಿಕ್ಕಿತು, ನೀರು ಕುಡಿದು ಉಬ್ಬಿದ ಒಂದು ತೆರಿಗೆ ಪಟ್ಟಿ,
ಸಾವಿರದ ಐನೂರ ಎಂಬತ್ತೆಂಟು:
‘ಕೋರ್ಡ್, ಏನೂ ಇಲ್ಲದವ.
ಒಂದು ಕೋಳಿ. ಬಾಕಿ.’

ಅಂದು ರಾತ್ರಿ ಊಟಕ್ಕೆ ಕೂತವರೆಲ್ಲ ಕೋಳಿಗೆ ಗ್ಲಾಸೆತ್ತಿದೆವು.
ಅಪ್ಪನ ಕಣ್ಣಲ್ಲಿ ನೀರು.
“ಅರಸರ ಕೈಗೆ ಸಿಗದ ಕೋಳಿ!” ಅನ್ನುತ್ತಿದ್ದ,
ಬಡತನವೇ ಬಿರುದೆನ್ನುವಂತೆ.

ನಡುವೆ ಮೂವತ್ತು ವರ್ಷದ ಯುದ್ಧ, ಪುಟಗಳಲ್ಲಿ ನಾವಿಲ್ಲ.
ಮತ್ತೆ ಒಬ್ಬ ವಿಧವೆ, ಒಂದು ಮೇಕೆ.
ಫ್ರೆಂಚರ ಕಾಲದ ಗುಮಾಸ್ತ ಕೊನೆಯ ಟಕಾರ ನುಂಗಿದ;
ಎರಡು ತಲೆಮಾರು ಬಾಲವಿಲ್ಲದೆ ಓಡಾಡಿ
ಒಬ್ಬ ಪಾದ್ರಿಯ ಕೃಪೆಯಿಂದ ಅದನ್ನು ಮರಳಿ ಪಡೆದೆವು.
ಟೆಕ್ಸಾಸಿಗೆ ಹೋದವನೊಬ್ಬ ಅಲ್ಲೇ ಅದನ್ನು ಬಿಸಾಕಿ
ಹ್ಯಾಬ್ನಿ ಆದನಂತೆ, ದನ ಕಟ್ಟಿದನಂತೆ.

ಇದೆಲ್ಲ ಒಂದು ಕಡತದಲ್ಲಿ. ಕಡತ ಸೈಡ್‌ಬೋರ್ಡಿನಲ್ಲಿ.
ಅಕ್ರೋಟು ಮರ, ಹಿತ್ತಾಳೆ ಕೀಲು,
ನನ್ನ ಎತ್ತರಕ್ಕಿಂತ ಉದ್ದದ್ದು.
ಹುಟ್ಟಿದಾಗಿನಿಂದ ನೋಡಿದ್ದೇನೆ, ನೋಡಿರಲಿಲ್ಲ:
ಏನೂ ಇಲ್ಲದವರ ಮನೆಗೆ ಇದು ಎಲ್ಲಿಂದ ಬಂತು?

ಕಡತದ ಕೊನೆಗೆ ತಾತನ ವಂಶಾವಳಿ ಪುಸ್ತಕ.
ಆ ವರ್ಷಗಳಲ್ಲಿ ಎಲ್ಲರೂ ಮಾಡಿಸಬೇಕಿತ್ತು.
ಕೋರ್ಡ್‌ನ ಸಂತಾನವೆಲ್ಲ ಶುದ್ಧ ಎಂದು ಹದ್ದಿನ ಮೊಹರು.
ಅದರೊಳಗೆ ಮಡಿಸಿಟ್ಟ ರಶೀದಿ:
ಮೇಲಿನ ಬೀದಿ, ಲಿಲಿಯೆನ್‌ಫೆಲ್ಡ್ ಮನೆಯ ಸಾಮಾನು ಹರಾಜು.
ಒಂದು ಸೈಡ್‌ಬೋರ್ಡು. ಹದಿನೆಂಟು ಮಾರ್ಕು.
ಸಂದಾಯವಾಗಿದೆ.

ಅವರದೂ ಹೆಸರೇ. ನೈದಿಲೆಯ ಹೊಲ ಎಂದರ್ಥ.
ನಮ್ಮದಕ್ಕಿಂತ ಎಷ್ಟೋ ಚಂದ, ಎಷ್ಟೋ ಹೊಸದು:
ಸರ್ಕಾರವೇ ಒಮ್ಮೆ, ಇಟ್ಟುಕೊಳ್ಳಿ ಎಂದು
ಅಪ್ಪಣೆ ಮಾಡಿದ್ದು.

ತಾತನನ್ನು ಯುದ್ಧದ ಮೇಲೆ ಯಾರು ಏನು ಕೇಳಿದರೂ
ನಮ್ಮ ಹೆಸರನ್ನೇ ಬಿಡಿಸಿ ಹೇಳುತ್ತಿದ್ದನಂತೆ.
ಗೊತ್ತಿರಲಿಲ್ಲ. ನೋಡಿರಲಿಲ್ಲ. ನಮ್ಮ ಹತ್ತಿರ ಏನೂ ಇಲ್ಲ.

ಅಪ್ಪ ಆ ರಶೀದಿ ಓದಿದ್ದನೇ?
ಕೋಳಿಯ ಬಾಕಿ ಹುಡುಕಿದವನು, ಭೂತಗನ್ನಡಿಯವನು.
ಮಡಿಕೆಯ ಗೆರೆ ಹೊಸದಾಗಿದೆ. ಇನ್ನು ಕೇಳಲಾರೆ.

ಖಾನೆಗಳನ್ನೆಲ್ಲ ಎಳೆದು ಬೋರಲು ಹಾಕಿದೆ.
ಮೂರನೆಯದರ ಅಡಿಗೆ, ಪೆನ್ಸಿಲಿನಲ್ಲಿ,
ಒಂದು ಮಗು ಮಲಗಿ ಕೈ ಮೇಲೆತ್ತಿ ಬರೆದಂತೆ ಓರೆಯಾಗಿ:
ರೆಹಾ.
ಮನೆತನದ ಹೆಸರು ಬರೆದಿಲ್ಲ.
ತನ್ನ ಮನೆಯಲ್ಲೇ ಯಾರು ಬರೆಯುತ್ತಾರೆ ಅದನ್ನು.

ಟ್ಯೋಲೆ ಫೋನು ಮಾಡಿದ್ದ. ಕಲ್ಲು ಬಂದಿದೆ,
ಅಕ್ಷರ ಹೇಳಿದರೆ ಗುರುವಾರವೇ ಶುರು.
ಹೇಳುತ್ತೇನೆ ಎಂದೆ.
ಖಾನೆ ಮರಳಿ ತಳ್ಳಿದೆ, ಪೂರ್ತಿ ಒಳಹೋಗಲಿಲ್ಲ.
ಮರ ಉಬ್ಬಿರಬೇಕು. ಒಂದು ಬೆರಳಗಲ
ಹೊರಗೇ ನಿಂತಿದೆ.