ಬೆರಗಲದ ಮೇಲಿನ ತಿರುವು

ಶನಿವಾರ ನಸುಕಿನ ನಾಲ್ಕಕ್ಕೆ ಮೊರಟುವ ಬಿಟ್ಟೆವು.
ಮರಗೆಲಸದ ಸರತ್ ಮಹತ್ತಯ, ಹೆಂಡತಿ, ಅತ್ತೆ, ಮಕ್ಕಳಿಬ್ಬರು,
ಒಂದು ಕ್ರಿಕೆಟ್ ಬ್ಯಾಟು, ಒಂದು ರೈಸ್ ಕುಕ್ಕರು,
ವಾಂತಿ ಬಂದರೆ ಮೂಸಲು ನಿಂಬೆಹಣ್ಣು ಐದು.
ವ್ಯಾನು ನನ್ನದಲ್ಲ.
ಹಾರನ್ ಮಾತ್ರ ನನ್ನ ದುಡ್ಡಿನದು.

ರತ್ನಪುರ ದಾಟುವ ತನಕ ಎಲ್ಲರಿಗೂ ನಿದ್ದೆ.
ಬಲಂಗೊಡದಲ್ಲಿ ಎಮ್ಮೆ ಮೊಸರು, ಮೇಲೆ ಬೈನೆ ಪಾಕ.
ಅಜ್ಜಿ ತಳ ಕೆರೆದು ತಿಂದು,
"ಮಡಕೆ ವಾಪಸು ಕೊಡಬೇಕೇನೋ ಮಲ್ಲಿ?" ಅಂದರು.
ಬೇಡ ಅಂದೆ. ಕಾಲ ಬಳಿ ಇಟ್ಟುಕೊಂಡರು.
ಆಮೇಲೆ ಪ್ರತಿ ತಿರುವಿಗೂ ಅದು ಅತ್ತಿಂದಿತ್ತ ಉರುಳಿ
ನನ್ನ ಬ್ರೇಕಿಗೆ ತಾಳ ಹಾಕುತ್ತ ಬಂತು.

ಮಲ್ಲಿ ಅಂದರೆ ತಮ್ಮ, ಅವರ ಸಿಂಹಳದಲ್ಲಿ.
ನನ್ನ ಹೆಸರು ಯೋಗರಾಸ.
ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ,
ದಾರಿ ಮಾತ್ರ ಚೆನ್ನಾಗಿತ್ತು.

ಬೆರಗಲ ಏರಿದ್ದೇ ಗಾಳಿಯ ರುಚಿ ಬೇರೆಯಾಯಿತು.
ಕಿಟಕಿ ಇಳಿಸಿದರು, ಏರಿಸಿದರು, ಸ್ವೆಟರಿಗೆ ತಡಕಾಡಿದರು.
ಮಗ್ಗಿ ಅರ್ಧ ಅಳಿಸಿದ ಸ್ಲೇಟಿನ ಹಾಗೆ ಗುಡ್ಡ.
"ನಿಲ್ಲಿಸು ನಿಲ್ಲಿಸು, ಫೋಟೊ!"
ಇಲ್ಲಿ ನಿಲ್ಲಿಸಬಾರದೆಂದೇ
ಹಿಂದಿನ ತಿರುವಿನಲ್ಲಿ ವೇಗ ಹೆಚ್ಚಿಸಿದ್ದೆ.
ನಿಲ್ಲಿಸಿದೆ.

ಒಂಬತ್ತನೇ ನಂಬರಿನ ಇಳಿಜಾರು. ಹದಿನಾಲ್ಕು ಹೆಂಗಸರು.
ಮೂರನೇ ಸಾಲಿನಲ್ಲಿ, ನೆತ್ತಿಯಿಂದ ಚೀಲ ಇಳಿಬಿಟ್ಟು,
ಗೊಬ್ಬರದ ಗೋಣಿಯನ್ನು ಸೊಂಟಕ್ಕೆ ಸುತ್ತಿಕೊಂಡವಳು
ನನ್ನ ಅಕ್ಕ ತವಮಣಿ.

ಸಂಜೆಗೆ ಹದಿನೆಂಟು ಕಿಲೋ ತೂಗಬೇಕು,
ಕಮ್ಮಿಯಾದರೆ ಅರ್ಧ ಕೂಲಿ.
ಕೆಳಗಿಳಿದು ಬಂದರೆ ಎರಡು ಕಿಲೋ ಹೋಯಿತು,
ನಾನು ಮೇಲೆ ಹತ್ತಿದರೆ ಮಾತು ಬೆಳೆಯಿತು.
ಅವಳು ಕೈ ಎತ್ತಿದಳು.
ಬೆರಳ ಸಂದಿಯಲ್ಲಿ ಚಿಗುರು ಹಾಗೇ ಇತ್ತು.

"ನೋಡಿ, ನಮಗೆ ಟಾಟಾ ಮಾಡಿದಳು!"
ಚಿಕ್ಕವಳು ಕುಣಿದಳು. ಐವರೂ ಕೈಬೀಸಿದರು,
ಮಹತ್ತಯ ಎರಡೂ ಕೈ ಬೀಸಿದರು.
ನಾನು ಹಾರನ್ ಒತ್ತಿದೆ:
ಎರಡು ಗಿಡ್ಡ, ಒಂದು ಉದ್ದ.
"ಏನಯ್ಯಾ, ಮಂಜಿಗೆ ದಾರಿ ಬಿಡು ಅಂತೀಯಾ?"
ಎಲ್ಲರೂ ನಕ್ಕರು. ತಮಾಷೆ ಚೆನ್ನಾಗಿಯೇ ಇತ್ತು.

ರಾತ್ರಿ ಹಪುತಳೆಯ ಲಾಡ್ಜಿನಲ್ಲಿ ಫೋನು ತೋರಿಸಿದರು.
ಹಸಿರು ಇತ್ತು, ಮಂಜು ಇತ್ತು, ಮಹತ್ತಯರ ಮೂಗಿತ್ತು.
ಮೂಲೆಯಲ್ಲಿ ಕೈಯೊಂದು, ಮೊಣಕೈವರೆಗೆ.

ಭಾನುವಾರ ಉಡವಲವೆ. ಕೆಳಗೆ ಬಂದರೆ ಬೆಂಕಿ ಬಿಸಿಲು.
ಅವರು ಜೀಪಿನಲ್ಲಿ ಒಳಹೋದರು,
ನಾವು ಡ್ರೈವರುಗಳು ಬೇವಿನಡಿ ಇಸ್ಪೀಟು ಹಾಕಿ ಕೂತೆವು.
ನೂರ ಎಂಬತ್ತು ರೂಪಾಯಿ ಸೋತೆ.
ಧೂಳು ಮೆತ್ತಿಕೊಂಡು ಬಂದರು:
ಮೂವತ್ತೊಂದು ಆನೆ, ಒಂದು ಮೊಸಳೆ,
ಚಿರತೆ ಇಲ್ಲ; ಅದಕ್ಕೂ ಮಹತ್ತಯ ನನ್ನನ್ನೇ ನೋಡಿದರು.

ವಾಪಸು ದಾರಿಯಲ್ಲಿ ಕರೆಂಟಿನ ಬೇಲಿ.
ಬೇಲಿಯಾಚೆ ಒಂಟಿ ಗಂಡಾನೆ,
ಈಚೆ ಸಾಲುಸಾಲು ಹಣ್ಣಿನಂಗಡಿ.
ತಿನ್ನಿಸಬಾರದೆಂದು ಬರೆದ ಬೋರ್ಡಿನ ಕಂಬಕ್ಕೇ
ಬಾಳೆಗೊನೆ ತೂಗುಹಾಕಿದ್ದರು.
ವ್ಯಾನು ನಿಧಾನವಾಯಿತು.
ಆನೆ ಸೊಂಡಿಲು ಎತ್ತಿ ಹಾಗೇ ಹಿಡಿಯಿತು.

"ನಮಗೇನಾ ಅದು ಕೈ ಎತ್ತಿದ್ದು?" ಅಂದ ಹುಡುಗ.
ನಾನು ಕನ್ನಡಿ ನೋಡುತ್ತ ಅಂದೆ:
"ಹಿಂದೆ ಯಾವುದೋ ಬಸ್ಸಿನಲ್ಲಿ
ಅದರ ತಮ್ಮ ಬರುತ್ತಿರಬೇಕು."
ಹುಡುಗ ನಿಜಕ್ಕೂ ಹಿಂದಿರುಗಿ ನೋಡಿದ.
ಅಜ್ಜಿ ನನ್ನನ್ನು ನೋಡಿದರು.
ಉರುಳುತ್ತಿದ್ದ ಮಡಕೆಯನ್ನು
ಎರಡೂ ಪಾದದಿಂದ ಒತ್ತಿ ಹಿಡಿದರು.
ಏನೂ ಕೇಳಲಿಲ್ಲ.

ರಾತ್ರಿ ಹನ್ನೊಂದು. ಸೀಟಿನಡಿ ಗುಡಿಸುತ್ತಿದ್ದೆ,
ಒಣಗಿದ ನಿಂಬೆ, ಒಂದು ಕಾಲುಚೀಲ,
ಧೂಳಿನಲ್ಲಿ ಒಂದೇ ಒಂದು ಟೀ ಎಲೆ,
ಯಾರ ಚಪ್ಪಲಿಗೆ ಅಂಟಿ ಬಂದಿತ್ತೋ.
ಅಷ್ಟರಲ್ಲಿ ಅಕ್ಕನ ಫೋನು.
ನಿನ್ನೆ ತೂಕ ಹತ್ತೊಂಬತ್ತಾಯಿತಂತೆ.
ಮೊಣಕಾಲ ನೋವು ಹಾಗೇ ಇದೆಯಂತೆ.
ಆಮೇಲೆ ತುಸು ತಡೆದು,

"ಹಾರನ್ ಬದಲಾಯಿಸಿದೆಯೇನೋ?
ಹಳೆಯದೇ ಚೆನ್ನಾಗಿತ್ತು."