ಮಾಲನಬಿಯ ಕಂಡಿಕಿ ಮಷೀನಿಗೆ ರಿಲೇ

ಹಳೇ ರಿಲೇಗೆ ಒಂದು ಗುಣವಿತ್ತು:
ಹಿಡಿದರೆ ಟಕ್ ಅನ್ನುತ್ತಿತ್ತು, ಬಿಟ್ಟರೂ ಟಕ್.
ಬನಹಟ್ಟಿಯ ಈ ಓಣಿಯಲ್ಲಿ ಎಂಬತ್ತು ಮಗ್ಗ
ಒಟ್ಟಿಗೇ ಬಡಿದುಕೊಳ್ಳುವಾಗಲೂ
ಮಾಲನಬಿಗೆ ಅದು ಕೇಳುತ್ತಿತ್ತು.
ಬಿಟ್ಟ ಸದ್ದು ಕಿವಿಗೆ ಬಿದ್ದ ಮೇಲೆಯೇ
ಕದಿರಿಗೆ ಸುತ್ತಿದ ಎಳೆ ಬಿಡಿಸಲು ಬೆರಳು ಹಾಕುತ್ತಿದ್ದಳು.

ದಿನಕ್ಕೆ ಸಾವಿರ ಸಲ ಕಿಡಿ ತಿಂದು
ಅದರ ನಾಲಿಗೆಗೆ ಕುಳಿ ಬಿದ್ದವು.
"ಇದನ್ನ ಹಾಕ್ರಿ" ಅಂದ ಮುರಿಗೆಪ್ಪನ ಮಗ,
ಫೋನಿನಲ್ಲಿ ತರಿಸಿದ ಬಿಳಿ ಡಬ್ಬಿ ಹಿಡಿದು,
"ಸವಿಯೂದಿಲ್ಲ, ಸಪ್ಪಳಿಲ್ಲ.
ನಲವತ್ತು ಆಂಪಿಯರ್ ಅಂತ ಮ್ಯಾಲೇ ಬರದೈತಿ."
ಅರ್ಧ ಎಚ್‌ಪಿ ಮೋಟಾರು, ಓಡುವಾಗ ನಾಲ್ಕೇ ಆಂಪಿಯರ್.
ಸಾಕಲ್ಲ ಅಂದುಕೊಂಡೆ.
ಹಾಕಿದವನು ನಾನೇ.

ಹದಿಮೂರನೇ ದಿನ ಎಳೆ ಹರಿಯಿತು, ಮಷೀನು ನಿಂತಿತು.
ಅವಳು ಬಾಗಿದಳು.
ಪಕ್ಕದ ಶೆಡ್ಡಿನಲ್ಲಿ ಏನೋ ಬಂದಾಯಿತು, ಏನೋ ಹತ್ತಿತು,
ತಂತಿಯಲ್ಲಿ ಒಂದು ಉಬ್ಬು ಹಾದುಬಂತು.
ಯಾರೂ ಗುಂಡಿ ಒತ್ತದೆ ಕದಿರು ತಿರುಗಿತು.

ಎರಡು ಹಸಿರು ಬಳೆ, ತೋರುಬೆರಳಿನ ಚರ್ಮ.
ಇಷ್ಟರಲ್ಲೇ ಹೋಯಿತು ಅಂದರು ಎಲ್ಲರೂ.
ಅವಳು ಬೈಯಲಿಲ್ಲ. ಬಟ್ಟೆ ಸುತ್ತಿದ ಬೆರಳೆತ್ತಿ
"ಇದಕ್ಕ ಬಾಯಿ ಯಾಕಿಲ್ಲ?" ಅಂತ ಕೇಳಿದಳು.

ರಾತ್ರಿ ಅಂಗಡಿಯಲ್ಲಿ ಡಬ್ಬಿ ಒಡೆದೆ.
ನಲವತ್ತರ ಅಂಗಿ ತೊಟ್ಟಿತ್ತು ಹದಿನಾರರ ಹುಡುಗ,
ಸುಟ್ಟು ಕರಕಲಾಗಿ, ಎರಡೂ ತುದಿ ಕೂಡಿಕೊಂಡು.
ಹಳೆಯದು ಸತ್ತರೆ ಬಹಳ ಸಲ ಕೈ ಬಿಡುತ್ತಿತ್ತು;
ಇದು ಸಾಯುವಾಗ ಮುಷ್ಟಿ ಕಟ್ಟುತ್ತದೆ.
ಇಪ್ಪತ್ತೆರಡು ವರ್ಷ ತಾಮ್ರ ಸುತ್ತಿದವನಿಗೆ
ಇದು ಗೊತ್ತಿರಬೇಕಿತ್ತು.

ಗೊತ್ತಿದ್ದದ್ದು ಬೇರೆ.
ಸುರುಳಿಯಲ್ಲಿ ಕರೆಂಟು ವೋಲ್ಟೇಜಿಗೆ ಸಮನಾಗಿ ನಡೆಯುವುದಿಲ್ಲ,
ನೂಲಿನ ಗಂಟು ಹೊತ್ತವಳಂತೆ ಹಿಂದೆ ಉಳಿಯುತ್ತದೆ.
ಅದು ಸೊನ್ನೆ ಮುಟ್ಟಿ ರಿಲೇ ಬಾಗಿಲು ಹಾಕುವ ಹೊತ್ತಿಗೆ
ವೋಲ್ಟೇಜು ಆಗಲೇ ಅಟ್ಟ ಏರಿ ನಿಂತು
ಬಾಗಿಲಿಗೆ ಒದೆಯುತ್ತದೆ.

ಅದಕ್ಕೇ ಈ ಸಲ ದೊಡ್ಡದು ತಂದೆ.
ಓಡುವ ನಾಲ್ಕನ್ನಲ್ಲ, ಏಳುವಾಗ ನುಂಗುವ ಮೂವತ್ತನ್ನು ನೋಡಿ,
ಸಾವಿರದ ಇನ್ನೂರು ವೋಲ್ಟಿನ ಒದೆ ತಾಳುವಂಥದು,
ಪರಿಚಯದ ಅಂಗಡಿಯಿಂದ, ರಸೀತಿ ಇಸಿದುಕೊಂಡು.
ಬೆನ್ನಿಗೆ ಬಾಚಣಿಕೆಯಂಥ ಅಲ್ಯೂಮಿನಿಯಂ, ನಡುವೆ ತೆಳ್ಳಗೆ ಪೇಸ್ಟು
(ಹತ್ತಿಯ ಧೂಳು ಅದರ ಹಲ್ಲಿನಲ್ಲಿ ಕೂಡುತ್ತದೆ,
ವಾರಕ್ಕೊಮ್ಮೆ ಊದಬೇಕು, ಮುರಿಗೆಪ್ಪ ಊದುವುದಿಲ್ಲ).
ಒದೆ ತಿನ್ನಲು ಒಂದು ರೆಸಿಸ್ಟರು, ಒಂದು ಕೆಪಾಸಿಟರು,
ಉಬ್ಬು ಬಂದರೆ ತಾನು ಸಾಯಲು ಒಂದು ನೀಲಿ ಬಿಲ್ಲೆ.

ಇಷ್ಟಾದರೂ ನಂಬಿಕೆ ಬರಲಿಲ್ಲ.
ರಿಲೇ ಆಫ್ ಮಾಡಿ ಟೆಸ್ಟರು ಹಚ್ಚಿದರೆ
ಒಳಗೆ ಮಂಕಾಗಿ ಕೆಂಪು ಉರಿಯುತ್ತಿತ್ತು.
"ಆಫ್ ಅಂದೆಲ್ಲ?"
"ಆಫೇ. ಸ್ವಲ್ಪ ಸೋರತೈತಿ. ಪೂರ್ತಿ ಎಂದೂ ಆರೂದಿಲ್ಲ."
"ನಮ್ಮ ಅತ್ತಿ ಸಿಟ್ಟಿನಂಗ" ಅಂದಳು ಮಾಲನಬಿ,
ನಕ್ಕವಳು ಮತ್ತೆ ಬೆರಳು ನೋಡಿಕೊಂಡಳು.

ಆಮೇಲೆ ಕೂರಿಸಿದೆ, ಅವಳ ಬಲಗೈಗೆ ಎಟಕುವಷ್ಟರಲ್ಲಿ,
ಕೆಂಪು ಹಿಡಿಕೆಯ ಒಂದು ದಪ್ಪ ಸ್ವಿಚ್ಚು.
ಜಾಣತನವಿಲ್ಲದ್ದು. ತಿರುವಿದರೆ
ಹಿತ್ತಾಳೆ ಹಿತ್ತಾಳೆಯಿಂದ ಬೆರಳಗಲ ದೂರ ಸರಿಯುತ್ತದೆ,
ನಡುವೆ ಗಾಳಿ ಬಿಟ್ಟು ಏನೂ ಇರುವುದಿಲ್ಲ.
ಟೆಸ್ಟರು ಕತ್ತಲಾಯಿತು.

"ಶಬ್ದ ಇಲ್ಲದ್ದು ಹಾಕಂದ್ರ
ಶಬ್ದಕ್ಕ ಬ್ಯಾರೆ ರೊಕ್ಕ ಹಚ್ಚೀರಲ್ಲ"
ಅಂದ ಮುರಿಗೆಪ್ಪ ಬಿಲ್ಲು ನೋಡಿ.
ಹೌದ್ರಿ, ಅಂದೆ. ಕಡಿಮೆ ಮಾಡಲಿಲ್ಲ.

ನಿನ್ನೆ ಆ ದಾರಿಯಲ್ಲಿ ಹೋಗುವಾಗ
ಮಗ್ಗಗಳ ಗದ್ದಲದ ನಡುವೆ ಕಿವಿಗೊಟ್ಟು ನಿಂತೆ.
ನನಗೇನೂ ಕೇಳಿಸಲಿಲ್ಲ.
ಕಿಟಕಿಯಲ್ಲಿ ಅವಳ ಕೈ ಹಿಡಿಕೆ ತಿರುವಿತು,
ತಲೆ ಒಂದಿಷ್ಟು ವಾಲಿತು,
ಆಮೇಲೆ, ಇನ್ನೂ ಸ್ವಲ್ಪ ತಡೆದು,
ಬೆರಳು ಹೋಯಿತು.