ಏಳನೆಯ ದಿಬ್ಬ

ಇನ್ನೂ ಬೆಳಕು ಹರಿದಿಲ್ಲ. ದೋಣಿ ಬಿಚ್ಚುತ್ತಾಳೆ ಐಸ್ಲಿನ್ ಮಾಕ್ಸಿ,
ಎಲೂಥೆರಾ ದ್ವೀಪದ ದಕ್ಷಿಣದ ತುದಿಯಲ್ಲಿ.
ಮಡಿಲಲ್ಲಿ ಪ್ಲಾಸ್ಟಿಕ್ ಹಲಗೆ, ದಾರ ಕಟ್ಟಿದ ಪೆನ್ಸಿಲು.
ನೀರೊಳಗೆ ಬರೆಯಲು ಮೊಂಡಾದದ್ದೇ ವಾಸಿ, ಅನ್ನುತ್ತಾಳೆ.

ಮೊದಲ ದಿಬ್ಬದಲ್ಲಿ ಒಂದೇ ಒಂದು ಸಿಂಹಮೀನು.
ಈ ಕಡಲಿನದಲ್ಲ. ಯಾರದೋ ಗಾಜಿನ ತೊಟ್ಟಿಯಿಂದ
ಹೊರಬಿದ್ದ ವಂಶವಂತೆ.
ಮೈತುಂಬ ಪಟ್ಟೆ, ಬೆನ್ನುದ್ದಕ್ಕೂ ವಿಷದ ಮುಳ್ಳು,
ಹವಳದ ಸೂರಿನ ಕೆಳಗೆ ತಲೆಕೆಳಗಾಗಿ ತೂಗುತ್ತಿದೆ
ಬಾಡಿಗೆ ಕೇಳುವವರಿಲ್ಲದ ಮನೆಯಲ್ಲಿ
ಮಧ್ಯಾಹ್ನದವರೆಗೂ ಬಿದ್ದುಕೊಂಡವನ ಹಾಗೆ.
ಮರಿಮೀನು ತಾವಾಗಿ ಬಾಗಿಲಿಗೆ ಬರುತ್ತವೆ.
ಬಾಯಿ ತೆರೆದರಾಯಿತು.
ಹತ್ತು ನಿಮಿಷ ಕಾದಳು.
‘ಎಷ್ಟು ದೂರ ಹೋಯಿತು’ ಎಂಬಲ್ಲಿ
ಸೊನ್ನೆ.

ನಾಲ್ಕನೆಯದರಲ್ಲಿ ಮೂರು.
ಸೂರು ಒಂದೇ, ಬೆನ್ನು ಮೂರು ದಿಕ್ಕಿಗೆ.

ಏಳನೆಯದರಲ್ಲಿ ಎಣಿಕೆಯೇ ನಿಲ್ಲುವುದಿಲ್ಲ.
ಆರು, ಅಲ್ಲ ಎಂಟು, ಕಲ್ಲಿನ ಆಚೆಗೊಂದು ಬಾಲ.
ಇವಕ್ಕೆ ನಿದ್ದೆಯಿಲ್ಲ. ಮರಿಗಳು ಮುಗಿದು ಎಷ್ಟು ದಿನವಾಯಿತೋ,
ಹವಳ ಗುಡಿಸಿದ ಅಂಗಳದಷ್ಟು ಚೊಕ್ಕಟ.
ಒಂದು ಹೊರಟಿತು.
ಬರೀ ಮರಳು, ಮರೆಯಿಲ್ಲ, ನೆರಳಿಲ್ಲ,
ತನ್ನ ಬೀಸಣಿಗೆಗಳನ್ನೆಲ್ಲ ಮಡಚಿಕೊಂಡು
ಕಡಲಹುಲ್ಲಿನ ಕಡೆಗೆ.
ಹಿಂದೆ ಇನ್ನೊಂದು.
ಮೈ ತೆಳ್ಳಗಾಗಿದೆ, ಇಲ್ಲಿಂದಲೇ ಕಾಣುತ್ತದೆ.

ಅಜ್ಜ ಹೆಜೆಕಾಯ ಮೊಣಕಾಲುದ್ದ ನೀರಲ್ಲೇ
ಶಂಖ ಹೆಕ್ಕುತ್ತಿದ್ದನಂತೆ, ಬಾಯಲ್ಲಿ ಪೈಪು ಹಾಗೇ.
ಆಮೇಲೆ ದೋಣಿಗಳು ಹೆಚ್ಚಿದವು.
ಅರ್ಧ ದಿನ ಹುಟ್ಟು ಹಾಕಬೇಕಾದಾಗ
‘ಕಡಲು ಹಿಂದೆ ಸರಿಯಿತು’ ಎಂದ.
ಸಾಯುವವರೆಗೂ ಹಾಗೇ ಅಂದ.

ಬರುವ ವಾರ ಈಟಿಯವರು ಬರುತ್ತಾರೆ.
ಏಳನೆಯದರಲ್ಲಿ ಎರಡು ಉಳಿಸಿ ಉಳಿದದ್ದು ಬಾಣಲೆಗೆ.
ಉಳಿದೆರಡು? ಮತ್ತೆ ಮನೆಹಿಡಿದು ಕೊಬ್ಬುತ್ತವೋ,
ಈಟಿಯ ಹೊಳಪು ನೆನೆದು ಹಗಲೆಲ್ಲ
ಬಿಲದ ಒಳಬಿಲಕ್ಕೆ ಸೇರುತ್ತವೋ,
ಅದಕ್ಕೂ ಒಂದು ಹಲಗೆ ಬೇಕು.

ಮೇಲೆ ಬಂದು ಮುಖವಾಡ ಕಳಚಿದಳು.
ಹಣೆಯ ಮೇಲೆ ರಬ್ಬರಿನ ಕೆಂಪು ಗೆರೆ.
ಚುಕ್ಕಾಣಿಯಲ್ಲಿದ್ದ ಥೆರಾನ್ ಕೇಳಿದ: ಎಷ್ಟು?

ಒಂಬತ್ತು ಅಂತ ಬರೆದಿದ್ದೇನೆ, ಅಂದಳು
ಕೂದಲು ಹಿಂಡುತ್ತ,
ಹತ್ತಿರಬೇಕು.
ಒಂದು ಊರಲ್ಲಿರಲಿಲ್ಲ.